‘ಫ್ರಾಲಿಕ್’ ಅಂದರೆ ತುಂಟಾಟ ಅಲ್ಲ

‘ಇಂಗ್ಲಿಷಿನ ಫ್ರಾಲಿಕ್ (frolic) ಅಂದ್ರೆ ತುಂಟಾಟ ತಾನೆ? ಲ್ಯಾಟಿನ್ನಿಂದ ಬಂದದ್ದಲ್ವಾ?’ ಕೇಳುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಎರಡೂ ತಪ್ಪು.

ಲ್ಯಾಟಿನ್ ಗುಮಾನಿಗೆ ಕಾರಣ ಕೊನೆಯ ‘ಇಕ್’. ಪಬ್ಲಿಕ್, ಮ್ಯೂಸಿಕ್‌ಗಳ ಸಾಲಿನಲ್ಲಿ ಇದನ್ನೂ ಕೂರಿಸಿಬಿಡುತ್ತಾರೆ. ಮೂಲ ಡಚ್ ಭಾಷೆಯ ‘ವ್ರೋಲಕ್’. ‘ವ್ರೋ’ ಎಂದರೆ ಸಂತೋಷಗೊಂಡ. ‘ಲಕ್’ ಎಂಬುದು ಇಂಗ್ಲಿಷಿನ ‘ಗ್ಲ್ಯಾಡ್‌ಲಿ’ಯಲ್ಲಿರುವ ‘ಲಿ’ಯ ಒಡಹುಟ್ಟು. ಹಾಗಾಗಿ ಪದವನ್ನು ಬಿಡಿಸಬೇಕಾದದ್ದು ಫ್ರಾಲ್-ಇಕ್ ಎಂದಲ್ಲ, ಫ್ರಾ-ಲಿಕ್ ಎಂದು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಬರೀ ಗುಣವಾಚಕ: ಖುಷಿಯಾಗಿರುವ, ಹರ್ಷದ. ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಕೊನೆಗೆ ಪಕ್ ಎಂಬ ಕಿನ್ನರ, ನಾವು ಕಿನ್ನರರು ಈಗ ‘ಫ್ರಾಲಿಕ್’ ಆಗಿದ್ದೇವೆ ಎನ್ನುತ್ತಾನೆ. ಇಂಗ್ಲಿಷ್ ಕವಿ ಮಿಲ್ಟನ್ನನಲ್ಲಿ ವಸಂತದ ಗಾಳಿಯೇ ಫ್ರಾಲಿಕ್. ಕುಣಿದಾಡು ಎಂಬ ಕ್ರಿಯಾಪದ, ಅದರಿಂದ ನಾಮಪದ, ಇವೆಲ್ಲ ಆಮೇಲಿನವು. ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರು ಡಿಸೆಂಬರ್ ಕಾರ್ಡುಗಳಲ್ಲಿ ‘ವ್ರೋಲಕ್ ಕೆರ್ಸ್ಟ್‌ಫೇಸ್ಟ್’ ಎಂದು ಓದಿರುತ್ತಾರೆ. ಕ್ರಿಸ್‌ಮಸ್ ಸಂತಸ ತರಲಿ ಎಂಬ ಹಾರೈಕೆ ಅದು. ತುಂಟತನ ಅದರಲ್ಲಿ ಎಲ್ಲಿದೆ?

ಇನ್ನು ‘ಕನ್ನಡದಲ್ಲಿ ಒಂದೇ ಪದ ಹೇಳಿ’ ಎಂಬ ಒತ್ತಾಯ. ಪದಕ್ಕೆ ಪದ ತೂಗಿ ಕೊಡುವುದು ಅನುವಾದವಲ್ಲ. ಯಾರು ಆಡುತ್ತಿದ್ದಾರೆ, ಆಟದಲ್ಲಿ ಕೀಟಲೆ ಇದೆಯೋ ಇಲ್ಲವೋ ಎಂದು ಯಾರಾದರೂ ಕೇಳಬಾರದೇ? ಕುರಿಮರಿ ಫ್ರಾಲಿಕ್ ಮಾಡಿದರೆ ‘ಕುಪ್ಪಳಿಸಿ ಆಡಿತು’ ಎನ್ನಿ. ಮಕ್ಕಳಾದರೆ ‘ಚಿನ್ನಾಟ’ ಚೆನ್ನ. ‘ತುಂಟಾಟ’, ‘ಚೇಷ್ಟೆ’ ಎಂದ ಕೂಡಲೇ ಯಾರಿಗೋ ತೊಂದರೆ ಕೊಟ್ಟ ವಾಸನೆ ಬರುತ್ತದೆ. ‘ಚೆಲ್ಲಾಟ’ವಂತೂ ಬೇಡವೇ ಬೇಡ, ‘ಪ್ರಾಣದ ಜೊತೆ ಚೆಲ್ಲಾಟ’ ಎಂದು ಪತ್ರಿಕೆಗಳು ಬರೆದೂ ಬರೆದೂ ಆ ಪದಕ್ಕೆ ಬೇಜವಾಬ್ದಾರಿಯ ಬಣ್ಣ ಅಂಟಿದೆ. ಮೂಲಕ್ಕೆ ತೀರಾ ಹತ್ತಿರ ನಿಲ್ಲುವುದು ನಮ್ಮ ‘ನಲಿ’. ಹಿಗ್ಗುವುದೂ ಅದೇ, ಕುಣಿಯುವುದೂ ಅದೇ. ಡಚ್ ಪದ ಇಂಗ್ಲಿಷಿಗೆ ಬಂದು ಪಡೆದ ಎರಡನೇ ಅರ್ಥವನ್ನು ‘ನಲಿ’ ಮೊದಲನೆಯದರ ಜೊತೆಗೇ ಹಿಡಿದುಕೊಂಡಿದೆ. ‘ನಲಿದಾಡಿದವು’ ಎಂದರೆ ಬಹಳ ಕಡೆ ಸಾಕು.

ಕಾಗುಣಿತದಲ್ಲಿ ಎಡವುವವರೂ ಇದ್ದಾರೆ. ಪದ ‘ಸಿ’ ಅಕ್ಷರದಲ್ಲಿ ಮುಗಿಯುತ್ತದೆ. ಅದರ ಮುಂದೆ ‘ಐ’ ಅಥವಾ ‘ಇ’ ಬಂದರೆ ಓದುವವರು ‘ಸ’ ಎಂದುಬಿಡಬಹುದು. ಅದಕ್ಕೇ ಫ್ರಾಲಿಕಿಂಗ್, ಫ್ರಾಲಿಕ್ಡ್ ಬರೆಯುವಾಗ ನಡುವೆ ‘ಕೆ’ ಸೇರಿಸಬೇಕು, ಪಿಕ್ನಿಕಿಂಗ್‌ನಲ್ಲಿ ಸೇರಿಸುವ ಹಾಗೆ. ಫ್ರಾಲಿಕ್ಸ್, ಫ್ರಾಲಿಕ್‌ಸಮ್‌ಗಳಿಗೆ ‘ಕೆ’ ಬೇಡ.