ಕಾರ್‌-ಟಿ ಚಿಕಿತ್ಸೆಗೆ ರಾಯಚೂರಿನಿಂದ ಹೊರಡುವ ಮುನ್ನ

ಕೀಮೋ ಮುಗಿದ ಮೇಲೂ ಮರುಕಳಿಸುವ ಕೆಲವು ರಕ್ತ ಕ್ಯಾನ್ಸರ್‌ಗಳಿಗೆ ಕಾರ್‌-ಟಿ ಎಂಬ ಕೋಶ ಚಿಕಿತ್ಸೆ ಈಗ ನಮ್ಮ ದೇಶದಲ್ಲೇ ಸಿಗುತ್ತದೆ. ಐಐಟಿ ಬಾಂಬೆ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೂಡಿ ರೂಪಿಸಿದ ನೆಕ್ಸ್‌ಕಾರ್‌19 ಎಂಬ ಕಾರ್‌-ಟಿಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಬಂತು. ರೋಗಿಯದೇ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ಲ್ಯಾಬ್‌ನಲ್ಲಿ ಹೊಸ ಜೀನ್ ಸೇರಿಸಿ, ಬೆಳೆಸಿ ವಾಪಸ್ ಕೊಡುತ್ತಾರೆ. ಈ ಕ್ಯಾನ್ಸರ್ ಹುಟ್ಟುವುದು ಬಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದಲ್ಲಿ. ಮೇಲ್ಮೈಯಲ್ಲಿ ಸಿಡಿ19 ಎಂಬ ಪ್ರೋಟೀನ್ ಗುರುತಿರುವ ಆ ಬಿ ಕೋಶಗಳನ್ನು ಹೊಸ ಟಿ ಕೋಶಗಳು ಕೊಲ್ಲುತ್ತವೆ. ಸೋಂಕು ತಡೆಯಲು ಬೇಕಾದ ಆರೋಗ್ಯವಂತ ಬಿ ಕೋಶಗಳಿಗೂ ಅದೇ ಗುರುತಿದೆ, ಅವೂ ಹೋಗುತ್ತವೆ. ಹಾಗಾಗಿ ತಿಂಗಳುಗಟ್ಟಲೆ ಸೋಂಕಿನ ಭಯ ಇದ್ದೇ ಇರುತ್ತದೆ.

ಮೊದಲ ಎಡವಟ್ಟು ಆಗುವುದು ಊರಲ್ಲೇ. ಮೈಕೈ ನೋವು ಎಂದರೆ ಡೆಕ್ಸಾ ಎಂಬ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಸ್ಟಿರಾಯ್ಡ್ ಟಿ ಕೋಶಗಳನ್ನು ಕುಗ್ಗಿಸುತ್ತದೆ. ಕೋಶ ಸಂಗ್ರಹಕ್ಕೆ ಮುನ್ನ ಅದು ಮೈಗೆ ಹೋದರೆ ಬೆಳೆಸಲು ಬೇಕಾದಷ್ಟು ಕೋಶಗಳು ಸಿಗದೇ ಹೋಗಬಹುದು. ಮೊದಲಿನಿಂದ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಡಾಕ್ಟರ್ ಹೇಳಿದಂತೆಯೇ ಬಿಡಬೇಕು. ಕೋಶ ತೆಗೆಯಲು ಮೂರ್ನಾಲ್ಕು ತಾಸು ಹಿಡಿಯುತ್ತದೆ. ತುಟಿ, ಬೆರಳು ಜುಮುಗುಟ್ಟಿದರೆ ತಕ್ಷಣ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದಿರುತ್ತದೆ.

ಕೋಶ ಸಿದ್ಧವಾಗಲು ಕೆಲವು ವಾರ ಬೇಕು. ಅವನ್ನು ಕೊಡುವ ಮುನ್ನ ಸಾಮಾನ್ಯವಾಗಿ ಮೂರು ದಿನ ಫ್ಲುಡಾರಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಕೊಡುತ್ತಾರೆ. ಕೋಶ ಏರಿಸುವುದಕ್ಕೆ ಅರ್ಧ ತಾಸೂ ಬೇಡ, ಕಷ್ಟವೆಲ್ಲ ಆಮೇಲಿನದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ರೂಮಿನಲ್ಲಿ ಪ್ಯಾರಾಸಿಟಮಾಲ್ ನುಂಗಿಸಿ ಕಾಯುತ್ತಾ ಕೂರಬೇಡಿ. ಏರಿಸಿದ ಕೋಶಗಳು ಮೈಯಲ್ಲಿ ಉರಿಯೂತ ಕೆರಳಿಸಿ, ಜ್ವರದ ಹಿಂದೆಯೇ ಬಿಪಿ, ಆಮ್ಲಜನಕ ಇಳಿಯಬಹುದು. ಇದಕ್ಕೆ ಆ ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಎಂಬ ಔಷಧ ಇದೆ, ತೂಕದ ಪ್ರತಿ ಕೆ.ಜಿ.ಗೆ 8 ಮಿ.ಗ್ರಾಂ., ಗರಿಷ್ಠ 800 ಮಿ.ಗ್ರಾಂ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಮಿದುಳಿಗೂ ಪೆಟ್ಟಾಗಬಹುದು. ಅದನ್ನು ಹಿಡಿಯಲು ದಿನವೂ ಹತ್ತು ಅಂಕದ ಪರೀಕ್ಷೆ ಮಾಡುತ್ತಾರೆ: ಇಸವಿ, ತಿಂಗಳು, ಊರು, ಆಸ್ಪತ್ರೆ ಯಾವುದು, ತೋರಿಸಿದ ಮೂರು ವಸ್ತುಗಳ ಹೆಸರೇನು, ಹೇಳಿದಂತೆ ಬೆರಳೆತ್ತುವುದು, ನೂರರಿಂದ ಹತ್ತತ್ತು ಇಳಿಸಿ ಎಣಿಸುವುದು, ಒಂದು ವಾಕ್ಯ ಬರೆಯುವುದು. ಕನ್ನಡವಷ್ಟೇ ಬಲ್ಲ ಹಿರಿಯರಿಗೆ ಮುಂಬೈಯಲ್ಲಿ ಹಿಂದಿಯಲ್ಲಿ ಕೇಳಿದರೆ ಅಂಕ ಸುಮ್ಮನೆ ಹೋಗುತ್ತದೆ. ಇಲ್ಲವೇ ಭಾಷೆ ಬರದೆಂದುಕೊಂಡು ನಿಜವಾದ ತೊದಲನ್ನೇ ಬಿಟ್ಟುಬಿಡುತ್ತಾರೆ. ಕನ್ನಡವೋ ತೆಲುಗೋ ಉರ್ದುವೋ, ಮನೆಮಾತಿನಲ್ಲೇ ಕೇಳಿಸಿ. ಓದುಬರಹ ಬಾರದವರಾದರೆ ಮೊದಲ ದಿನವೇ ತಿಳಿಸಿ. ಕೋಶ ಕೊಡುವ ಮುಂಚೆಯೇ ಒಂದು ವಾಕ್ಯ ಬರೆಸಿಟ್ಟುಕೊಂಡರೆ ಅಕ್ಷರ ಕೆಟ್ಟದ್ದು ಹೋಲಿಸಿದ ಕೂಡಲೇ ಗೊತ್ತಾಗುತ್ತದೆ.

ಕೋಶ ಏರಿಸಿದ ಮೇಲೆ ಸುಮಾರು ನಾಲ್ಕು ವಾರ ಆಸ್ಪತ್ರೆಯಿಂದ ಎರಡು ತಾಸಿನೊಳಗಿನ ಜಾಗದಲ್ಲೇ ಇರಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾಯಚೂರಿಗೆ ಹೋಗಿಬರುವ ಮಾತೇ ಇಲ್ಲ. ಬಾಡಿಗೆ, ಊಟ, ಜೊತೆಗಿರುವ ಇಬ್ಬರ ಕೂಲಿ ನಷ್ಟವನ್ನು ಮೊದಲೇ ಲೆಕ್ಕ ಹಾಕಿ.

ಊರಿಗೆ ಮರಳಿದ ಮೇಲೆ ರಕ್ತ ಏರಿಸುವ ಪ್ರಸಂಗ ಬಂದರೆ ವಿಕಿರಣ ಹಾಯಿಸಿದ ರಕ್ತವೇ ಆಗಬೇಕು. ಫ್ಲುಡಾರಬಿನ್ ಪಡೆದವರಲ್ಲಿ ದಾನಿಯ ರಕ್ತದ ಜೀವಂತ ಲಿಂಫೋಸೈಟ್‌ಗಳು (ಟಿ ಕೋಶದಂಥ ಬಿಳಿ ರಕ್ತಕಣಗಳು) ರೋಗಿಯ ಮೈಮೇಲೆಯೇ ತಿರುಗಿಬೀಳಬಲ್ಲವು. ಈ ಮಾತನ್ನು ಆಸ್ಪತ್ರೆಯಿಂದ ಚೀಟಿಯಲ್ಲಿ ಬರೆಸಿಕೊಂಡು, ಆಧಾರ್ ಕಾರ್ಡ್ ಇಡುವಲ್ಲೇ ಇಡಿ.