ಮಳೆಗಾಲಕ್ಕೆ ಮುಂಚೆ ಕತ್ತಿ ಒರೆಯಿಂದ ಹೊರಗೆ ಬರಲಿ

ಬೆಂಗಳೂರಿಗೆ ಮಳೆ ಹಿಡಿಯುವ ಹೊತ್ತಾಯಿತು. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯೋ, ಬೇಗ ತುಕ್ಕು ಹಿಡಿಯುವ ಹೈ ಕಾರ್ಬನ್ ಉಕ್ಕಿನ ಹಳೇ ಬೇಟೆ ಚಾಕುವೋ ಬೀರುವಿನಲ್ಲಿಟ್ಟಿದ್ದರೆ ಮೊದಲು ಚರ್ಮದ ಒರೆಯಿಂದ ಹೊರಗೆ ತೆಗೀರಿ. ಒರೆಯಲ್ಲಿದ್ರೇ ಚೆಂದ, ನಿಜ. ಆದರೆ ಚರ್ಮ ತೇವ ಹೀರುತ್ತೆ, ಹದ ಮಾಡುವಾಗ ಸೇರಿದ ಆಮ್ಲ, ಲವಣ ಅಲಗನ್ನು ತಿನ್ನುತ್ತವೆ. ಹಿತ್ತಾಳೆ ಭಾಗದಲ್ಲಿ ಹಸಿರು ಕಿಲುಬು ಕಂಡರೆ ಸಾಮಾನ್ಯವಾಗಿ ಕಾರಣ ಅದೇ.

ಬೆರಳಿನ ಜಿಡ್ಡು ಹೋಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅಲಗು ಒರೆಸಿ, ಪೂರ್ತಿ ಆರಿದ ಮೇಲೆ ಹೊಲಿಗೆ ಮಷೀನ್ ಎಣ್ಣೆ ಎರಡೇ ಹನಿ ಹತ್ತಿಬಟ್ಟೆಯಲ್ಲಿ ಸವರಿ. ಓರೆ ಬೆಳಕಿಗೆ ಹಿಡಿದರೆ ತೆಳು ಮಿನುಗು ಕಾಣಬೇಕು, ಎಣ್ಣೆ ಹರಿಯಬಾರದು. ವರ್ಷಗಟ್ಟಲೆ ಮುಟ್ಟಲ್ಲ ಅಂದ್ರೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಲೋಹಕ್ಕೆ ತೆಳುವಾಗಿ ಹಚ್ಚುವ ಮೇಣ) ವಾಸಿ, ಅದು ಎಣ್ಣೆಯ ಹಾಗೆ ಇಳಿದುಹೋಗಲ್ಲ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಕಮಟು ಹಿಡಿಯುತ್ತೆ.

ಅಡುಗೆಮನೆ ಈಳಿಗೆ ದಿನಾ ಕೈಯಾಡಿ, ಒರೆಸಿಕೊಂಡು ಚೆನ್ನಾಗಿರುತ್ತೆ. ಜೋಪಾನ ಮಾಡಿಟ್ಟಿದ್ದಕ್ಕೇ ತುಕ್ಕು, ನೋಡಿ!

ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದರೆ ಕತ್ತಿ ಇಡುವ ಡಬ್ಬಿ ಗಾಳಿಯಾಡದಂತಿರಲಿ, ಇಲ್ಲದಿದ್ದರೆ ಅದು ಇಡೀ ಕೋಣೆಯ ತೇವ ಕುಡಿಯುತ್ತೆ. ಬಣ್ಣದ ಹರಳು ಬಣ್ಣ ಬದಲಿಸಿದಾಗ 110–120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಕಾಯಿಸಿ. ಗಾಳಿಯ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಳಗಿದ್ದು 40–50% ತೋರಿಸಿದರೆ ಸಾಕು. ಮರ, ದಂತದ ಹಿಡಿಯನ್ನು ಇನ್ನೂ ಒಣಗಿಸಿದರೆ ಬಿರುಕು ಬಿಡುತ್ತೆ.