ಇದು ಎಷ್ಟು ಗಂಟೆಗೆ ಮಲಗುತ್ತೆ?

"ಇದು ಎಷ್ಟು ಗಂಟೆಗೆ ಮಲಗುತ್ತೆ?"

ಕೇಳಿದ್ದು ಪಕ್ಕದ ಮನೆಯ ಜರ್ಮನ್ ಅಜ್ಜಿ, ಬೇಲಿಯ ಆಚೆಯಿಂದ. ಕೈಯಲ್ಲಿ ಗುಲಾಬಿ ಗಿಡದ ಕತ್ತರಿ. ಬೇಲಿಯ ಈಚೆ, ಕಲೋನ್ ನಗರದ ಅಂಚಿನ ಹಿತ್ತಲಲ್ಲಿ, ತಾನೇ ಓಡಾಡಿ ಹುಲ್ಲು ಕತ್ತರಿಸುವ ರೋಬೋ ಮೋವರಿನ ಡಬ್ಬಿ ಆಗಷ್ಟೇ ಬಿಚ್ಚಿತ್ತು. ಮನೆಯೊಡೆಯರು ಹುಬ್ಬಳ್ಳಿಯವರು. "ಮಷೀನಿಗೂ ನಿದ್ದಿ ಬೇಕೇನ್ರಿ?" ಅಂತ ಕನ್ನಡದಲ್ಲಿ ಹೇಳಿ ನಕ್ಕರು. ಅಜ್ಜಿ ನಗಲಿಲ್ಲ. ಉತ್ತರ ಬರುವ ತನಕ ಹೋಗುವುದಿಲ್ಲ ಎನ್ನುವ ಹಾಗೆ ಅಲ್ಲೇ ನಿಂತರು.

ಇದು ಕಳೆದ ಶನಿವಾರದ ಮಾತು. ಉತ್ತರ ಹೇಳುವುದಕ್ಕೆ ಸಂಜೆಯಾಯಿತು.

ಹಿತ್ತಲಲ್ಲಿ ಹುಲ್ಲಿರುವುದು ಸುಮಾರು 260 ಚದರ ಮೀಟರ್. ಕುಡುಗೋಲಿನ ಹಾಗೆ ಬಾಗಿದ ಜಾಗ, ನಡುವೆ ಬೇರು ಎದ್ದ ಚೆರ್ರಿ ಮರ, ಒಂದು ಮಗ್ಗುಲಿಗೆ ಹೂವಿನ ಪಾತಿ, ತುದಿಯಲ್ಲಿ ಮಕ್ಕಳ ಉಯ್ಯಾಲೆ. ಕೈಪಿಡಿಯ ಚಿತ್ರದಲ್ಲಿರುವ ಹಿತ್ತಲು ಮಾತ್ರ ಕೇರಂ ಬೋರ್ಡಿನಂತೆ ಚೌಕ. ಅದನ್ನು ಬರೆದವರು ಹಿತ್ತಲಿಗೆ ಇಳಿದಿದ್ದರೋ ಇಲ್ಲವೋ ಅನ್ನುವ ಗುಮಾನಿ ಪ್ರತಿ ಪುಟದಲ್ಲೂ ಬರುತ್ತದೆ.

ಮೊದಲ ಜಗಳ ಚಾರ್ಜಿಂಗ್ ಸ್ಟೇಷನ್ ಎಲ್ಲಿಡಬೇಕು ಅಂತ. ಪ್ಲಗ್ ಪಾಯಿಂಟ್ ಇರುವ ಮೂಲೆಯಲ್ಲೇ, ಸಾಮಾನಿನ ಕೋಣೆಯ ಹಿಂದೆ ಇಟ್ಟರೆ ಕಣ್ಣಿಗೆ ಬೀಳುವುದಿಲ್ಲ ಅಂತ ಮನೆಯೊಡೆಯರು. ಮೂಲೆ ಆಗದು. ಯಂತ್ರ ನೇರವಾಗಿ ಓಡಿ ಬಂದು ಗೂಡು ಸೇರುವುದಕ್ಕೆ ಸ್ಟೇಷನ್ನಿನ ಮುಂದೆ ಕಡಿಮೆಯೆಂದರೂ ಎರಡು ಮೀಟರ್ ಖಾಲಿ ಜಾಗ ಬೇಕು, ಯಂತ್ರಕ್ಕೆ ಎಲ್ಲೆ ತೋರಿಸಲು ಹುಲ್ಲಿನ ಅಂಚಿಗೆ ಎಳೆಯುವ ವೈರೂ ಅಲ್ಲಿ ನೇರ ಇರಬೇಕು. ತಿರುವಿನಲ್ಲಿ ಇಟ್ಟರೆ ಓರೆಯಾಗಿ ಬಂದು, ಚಾರ್ಜಿಂಗ್ ಪಟ್ಟಿ ತಾಗದೆ ಹಿಂದೆ ಸರಿದು, ಮತ್ತೆ ಬಂದು, ಕೊನೆಗೆ ಬ್ಯಾಟರಿ ಮುಗಿದು ಗೂಡಿನ ಬಾಗಿಲಲ್ಲೇ ನಿಂತುಬಿಡುತ್ತದೆ. ನೆಲ ಮಟ್ಟವಾಗಿರಬೇಕು. ಮಧ್ಯಾಹ್ನದ ನೆರಳಿದ್ದರೆ ಬ್ಯಾಟರಿಗೆ ಒಳ್ಳೆಯದು. ಕಡೆಗೆ ಸ್ಟೇಷನ್ ಮನೆಯ ಉದ್ದನೆಯ ಗೋಡೆಯ ನಡುಭಾಗಕ್ಕೆ ಬಂತು. ಟ್ರಾನ್ಸ್‌ಫಾರ್ಮರನ್ನು ನೆಲದಿಂದ ಮೊಣಕಾಲೆತ್ತರದಲ್ಲಿ, ಸೂರಿನ ಕೆಳಗೆ ಗೋಡೆಗೆ ಬಿಗಿದಾಯಿತು.

ವೈರ್ ಬೇಡದ, ಉಪಗ್ರಹದ ಸಿಗ್ನಲ್ ಹಿಡಿದು ಓಡುವ ಯಂತ್ರಗಳು ಈಗ ಬಂದಿವೆ. ಅವುಗಳ ಆಂಟೆನಾಕ್ಕೆ ತೆರೆದ ಆಕಾಶ ಬೇಕು. ಇಲ್ಲಿ ಎರಡು ಕಡೆ ಮೂರು ಮಹಡಿ, ನಡುವೆ ಮರ. ವೈರೇ ಸರಿ.

ವೈರ್ ಎಳೆಯುವ ಮುನ್ನ ಹುಲ್ಲನ್ನು ಮಾಮೂಲಿ ಯಂತ್ರದಿಂದ ನಾಲ್ಕು ಸೆಂಟಿಮೀಟರಿಗೆ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ವೈರ್ ಹುಲ್ಲಿನ ಮೇಲೆ ತೇಲಿ, ಮೊದಲ ದಿನವೇ ಬ್ಲೇಡಿಗೆ ಸಿಗುತ್ತದೆ. ಅಂತರಗಳು ಮಾದರಿಯಿಂದ ಮಾದರಿಗೆ ತುಸು ಬದಲಾಗುತ್ತವೆ. ಈ ಯಂತ್ರಕ್ಕೆ ಗೋಡೆಯಿಂದ 35 ಸೆಂಟಿಮೀಟರ್, ಹೂವಿನ ಪಾತಿಯಿಂದ 30, ಹುಲ್ಲಿನ ಮಟ್ಟಕ್ಕೇ ಇರುವ ಕಲ್ಲುಹಾಸಿನಿಂದ 10 ಸಾಕು. ಕಲ್ಲುಹಾಸಿನ ಮೇಲೆ ಚಕ್ರ ಹತ್ತಿಸಿಕೊಂಡೇ ಅಂಚು ಕತ್ತರಿಸಲಿ ಅಂತ. ಪ್ರತಿ ಸಲ ಟೇಪ್ ಹಿಡಿಯುವ ಬದಲು ಒಂದು ಕೋಲನ್ನು 35ಕ್ಕೆ ಕತ್ತರಿಸಿ, ಅದರ ಮೇಲೆ 30ಕ್ಕೂ 10ಕ್ಕೂ ಪೆನ್ನಿನಲ್ಲಿ ಗೀಟು ಹಾಕಿಕೊಂಡರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಆ ಕೋಲು ಹಿಡಿದು ಓಡಾಡುವ ಕೆಲಸವನ್ನು ಮನೆಯ ಎಂಟು ವರ್ಷದ ಹುಡುಗಿ ಯಾರಿಗೂ ಬಿಟ್ಟುಕೊಡಲಿಲ್ಲ. ಅಪ್ಪನಿಗಿಂತ ಅವಳ ಅಳತೆಯೇ ಚೊಕ್ಕ.

75 ಸೆಂಟಿಮೀಟರಿಗೊಂದು ಪ್ಲಾಸ್ಟಿಕ್ ಗೂಟ, ತಿರುವಿನಲ್ಲಿ ಇನ್ನೂ ಒತ್ತಾಗಿ. ವೈರ್ ನೆಲಕ್ಕೆ ಕಚ್ಚಿಕೊಂಡಿರಬೇಕು. ಮೂಲೆಯನ್ನು ಚೂಪಾಗಿ ಮಡಚದೆ ಮೊರದ ಅಂಚಿನ ಹಾಗೆ ದುಂಡಗೆ ತಿರುಗಿಸಬೇಕು. ಕೆಲವೇ ವಾರಗಳಲ್ಲಿ ಹುಲ್ಲು ಅದನ್ನು ನುಂಗಿಬಿಡುತ್ತದೆ, ಅಗೆದು ಹೂಳುವ ಅಗತ್ಯವಿಲ್ಲ.

ಚೆರ್ರಿ ಮರದ ಬುಡದಲ್ಲಿ ಎಲ್ಲರೂ ಎಡವುತ್ತಾರೆ. ಬೇರುಗಳ ಸುತ್ತ ಒಂದು ದ್ವೀಪ ಮಾಡಬೇಕು, ಆದರೆ ವೈರ್ ಒಂದೇ ಎಳೆ. ಅಂಚಿನಿಂದ ಮರದ ತನಕ ಹೋಗಿ, ಸುತ್ತು ಹಾಕಿ, ಹೋದ ದಾರಿಯಲ್ಲೇ ವಾಪಸು ಬರಬೇಕು. ಹೋದ ಎಳೆ, ಬಂದ ಎಳೆ ಮೈಗೆ ಮೈ ತಾಗಿಸಿಕೊಂಡು ಒಂದೇ ಗೂಟದಡಿ ಕೂರಬೇಕು. ಎರಡರಲ್ಲೂ ಕರೆಂಟು ಎದುರುಬದುರು ಹರಿಯುವುದರಿಂದ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕುತ್ತದೆ. ಯಂತ್ರಕ್ಕೆ ಅಲ್ಲಿ ವೈರೇ ಇಲ್ಲವೆಂದು ತೋರಿ ಸಲೀಸಾಗಿ ದಾಟುತ್ತದೆ. ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿರೋ, ಅಲ್ಲೊಂದು ಕಾಣದ ಗೋಡೆ ಎದ್ದಂತೆ. ಇನ್ನು ಒಂದರ ಮೇಲೊಂದು ದಾಟಿಸಿದರೆ ಒಳಗು ಹೊರಗಾಗಿ ಮರದ ಬುಡವೇ ಅದಕ್ಕೆ ಹಿತ್ತಲಾಗಿಬಿಡುತ್ತದೆ.

ಜಾಯಿಂಟಿನ ವಿಷಯ. ಮನೆಯೊಡೆಯರು ಜೇಬಿನಿಂದ ಕಪ್ಪು ಇನ್ಸುಲೇಷನ್ ಟೇಪ್ ತೆಗೆದರು. ಸಾವಿರ ಯೂರೋದ ಯಂತ್ರ ಕೊಂಡವರು ಒಂದು ಯೂರೋದ ಕನೆಕ್ಟರಿಗೆ ಜೀವ ಹಿಡಿಯುವುದು ಎಲ್ಲ ಊರಲ್ಲೂ ಇದ್ದದ್ದೇ. ಟೇಪಿನ ಗಂಟು ಆ ದಿನ ಕೆಲಸ ಮಾಡುತ್ತದೆ, ಅದೇ ಮೋಸ. ನಾಲ್ಕು ಮಳೆ ಬಿದ್ದ ಮೇಲೆ ತಾಮ್ರ ಹಸಿರುಗಟ್ಟಿ ಸಿಗ್ನಲ್ ಸೊರಗುತ್ತದೆ. ಶರತ್ಕಾಲದ ಕೆಸರಲ್ಲಿ ಮಂಡಿಯೂರಿ ಎಲ್ಲಿ ಕಡಿದಿದೆ ಅಂತ ತಡಕಾಡಬೇಕಾಗುತ್ತದೆ. ಒಳಗೆ ಜೆಲ್ ತುಂಬಿದ ಕನೆಕ್ಟರಿಗೆ ವೈರಿನ ತುದಿಯ ಸಿಪ್ಪೆ ಸುಲಿಯಲೂ ಬೇಕಿಲ್ಲ. ಒಳಕ್ಕೆ ತಳ್ಳಿ ಇಕ್ಕಳದಲ್ಲಿ ಅದುಮಿದರೆ ಮುಗಿಯಿತು. ಉಳಿದ ವೈರನ್ನು ಸುರುಳಿ ಸುತ್ತಿ ಸ್ಟೇಷನ್ನಿನ ಪಕ್ಕ ಬಿಡುವುದೂ ತಪ್ಪು, ಸಿಗ್ನಲ್ ಕಲಸಿಹೋಗುತ್ತದೆ. ಹೆಚ್ಚಾದದ್ದನ್ನು ಕತ್ತರಿಸಿ ತೆಗೆದಿಡಿ, ಬೇಕಾಗುತ್ತದೆ. ಅವತ್ತೇ ಬೇಕಾಯಿತು.

ಮಧ್ಯಾಹ್ನ ಮೂರಕ್ಕೆ ಸ್ಟೇಷನ್ನಿನ ದೀಪ ಹಸಿರಾಯಿತು. ಕತ್ತರಿಸುವ ಎತ್ತರ ಮೊದಲಿಗೆ 60 ಮಿಲಿಮೀಟರ್, ಆಮೇಲೆ ವಾರಕ್ಕೆ ಐದರಂತೆ ಇಳಿಸುತ್ತಾ 40ಕ್ಕೆ ನಿಲ್ಲಿಸುವುದು. ಅಡಿಯಲ್ಲಿ ಸಡಿಲವಾಗಿ ತೂಗುವ ಮೂರು ಬ್ಲೇಡುಗಳು, ದಾಡಿ ಬ್ಲೇಡಿನಷ್ಟೇ ತೆಳು. ಒಂದೆರಡು ತಿಂಗಳಿಗೊಮ್ಮೆ ಮೂರನ್ನೂ ಒಟ್ಟಿಗೆ ಬದಲಿಸಬೇಕು, ಸ್ಕ್ರೂ ಸಮೇತ. ಹಳೆಯ ಸ್ಕ್ರೂ ಸವೆದು ಬ್ಲೇಡ್ ಹಾರುವ ಅಪಾಯವಿದೆ. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡೇ ದಿನಕ್ಕೆ ಹುಲ್ಲಿನ ತುದಿ ಬೆಳ್ಳಗಾಗಿದ್ದರೆ ಅದೇ ಗುರುತು.

ಉಳಿದಿದ್ದು ವೇಳಾಪಟ್ಟಿ. ಆ್ಯಪ್ ತೆರೆದು ನೋಡಿದರೆ ಮನೆಯೊಡೆಯರು ಆಗಲೇ ತುಂಬಿಬಿಟ್ಟಿದ್ದರು: ರಾತ್ರಿ 10ರಿಂದ ಬೆಳಗಿನ 5. ಕಾರಣವೂ ತಯಾರಿತ್ತು. ಹಗಲು ಮಕ್ಕಳು ಆಡುತ್ತಾರೆ, ರಾತ್ರಿ ಕರೆಂಟು ಅಗ್ಗ.

"ಇದು ಎಷ್ಟು ಗಂಟೆಗೆ ಮಲಗುತ್ತೆ?" ಅಜ್ಜಿ ಕೇಳಿದ್ದು ಇದನ್ನೇ. ಅವರು ತಮಾಷೆ ಮಾಡಿರಲಿಲ್ಲ.

ಅವರು ಕೇಳಿದ್ದು ಇಗೆಲ್ ಸಲುವಾಗಿ. ಜರ್ಮನ್ನರು ಇಗೆಲ್ ಅನ್ನುವುದು ಹೆಜ್‌ಹಾಗ್‌ಗೆ. ನಮ್ಮ ಕಾಡಿನ ಮುಳ್ಳುಹಂದಿ ಅಲ್ಲ, ಎರಡು ಬೊಗಸೆಯಲ್ಲಿ ಹಿಡಿಸುವಷ್ಟು ಪುಟ್ಟದು. ಕತ್ತಲಾದ ಮೇಲೆ ಹುಲ್ಲಿನಲ್ಲಿ ಹುಳ ಹುಡುಕುತ್ತಾ ಓಡಾಡುತ್ತದೆ. ಅಪಾಯ ಬಂದರೆ ಓಡುವುದಿಲ್ಲ. ನಿಂತಲ್ಲೇ ಮುಳ್ಳಿನ ಉಂಡೆಯಾಗುತ್ತದೆ. ನರಿಯ ಮುಂದೆ ನಡೆಯುವ ಈ ಉಪಾಯ ಬ್ಲೇಡಿನ ಮುಂದೆ ನಡೆಯುವುದಿಲ್ಲ. ಇಂಥ ಯಂತ್ರಕ್ಕೆ ಗೊತ್ತಾಗುವುದು ವೈರು, ಡಿಕ್ಕಿ, ಮೇಲೆತ್ತಿದ್ದು, ಇಷ್ಟೇ. ಡಿಕ್ಕಿ ಹೊಡೆದ ಮೇಲೆಯೇ ಎದುರಿಗೆ ಏನೋ ಇದೆ ಅಂತ ಅದಕ್ಕೆ ತಿಳಿಯುವುದು. ಸೋಫಿ ಲುಂಡ್ ರಾಸ್ಮುಸೆನ್ ಎಂಬ ಡೆನ್ಮಾರ್ಕಿನ ಜೀವವಿಜ್ಞಾನಿಯ ತಂಡ 18 ಮಾದರಿಯ ರೋಬೋ ಮೋವರುಗಳನ್ನು ಸತ್ತ ಹೆಜ್‌ಹಾಗ್‌ಗಳನ್ನಿಟ್ಟು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವು ಗಾಯ ಮಾಡಿದವು, ಕೆಲವು ಮಾಡಲಿಲ್ಲ. ಆದರೆ ಮೈಗೆ ತಾಗದೆ ಮುಂಚೆಯೇ ಗುರುತಿಸಿದ್ದು ಒಂದೂ ಇಲ್ಲ. ಕಲೋನ್ ನಗರವಂತೂ 2024ರಲ್ಲಿ ಕಾನೂನನ್ನೇ ಮಾಡಿತು: ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯೋದಯವಾಗಿ ಅರ್ಧ ಗಂಟೆಯವರೆಗೆ ಈ ಯಂತ್ರಗಳು ಓಡುವಂತಿಲ್ಲ. ಅದರ ಜೊತೆಗೆ, ಸದ್ದಿನ ವಿಚಾರಕ್ಕೆ, ಜರ್ಮನಿಯ ವಸತಿ ಪ್ರದೇಶಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳಿಗೆ ಭಾನುವಾರ ಪೂರ್ತಿ, ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ನಿಷೇಧ ಹಳೆಯದೇ.

ಕಾನೂನು ಹಾಗಿರಲಿ, ರಾತ್ರಿ ಓಡಿಸಿದರೆ ಹುಲ್ಲಿಗೂ ಕೇಡು. ಇಬ್ಬನಿ ಬಿದ್ದ ಹುಲ್ಲು ಯಂತ್ರದ ಹೊಟ್ಟೆಗೆ ಸಗಣಿಯಂತೆ ಮೆತ್ತಿಕೊಳ್ಳುತ್ತದೆ, ಚಕ್ರದ ಹಲ್ಲು ಮುಚ್ಚಿ ಇಳಿಜಾರಿನಲ್ಲಿ ಜಾರುತ್ತದೆ. ಕರೆಂಟಿನ ಉಳಿತಾಯ ಅನ್ನುವುದು ನಗೆಪಾಟಲು, ಇಷ್ಟು ಸಣ್ಣ ಯಂತ್ರ ತಿಂಗಳಿಗೆ ಸುಡುವುದು ಕೆಲವೇ ಯೂನಿಟ್. ಡಬ್ಬಿಯ ಮೇಲಿದ್ದ 500 ಚದರ ಮೀಟರ್ ಅದರ ಗರಿಷ್ಠ ತಾಕತ್ತು. 260ಕ್ಕೆ ಚಾರ್ಜಿಂಗ್ ಸೇರಿ ದಿನಕ್ಕೆ ಆರು ಗಂಟೆ ಧಾರಾಳ. ಹಾಗಾಗಿ ಸೋಮವಾರದಿಂದ ಶುಕ್ರವಾರ, ಇಬ್ಬನಿ ಆರುವ 10 ಗಂಟೆಯಿಂದ 4ರವರೆಗೆ ಅಂತಾಯಿತು. ಮಕ್ಕಳು ಹಿತ್ತಲಿಗೆ ಇಳಿದರೆ ಅದು ಗೂಡಿನಲ್ಲೇ ಇರಬೇಕು.

ಮನೆಯೊಡೆಯರು ಸಂಖ್ಯೆ ಬದಲಿಸುತ್ತಾ ಕೂತಿದ್ದವರು ಸುಮ್ಮನೆ ಫೋನ್ ಕೆಳಗಿಟ್ಟರು. "ನಮ್ಮವ್ವನೂ ಹಿಂಗ ಅಂತಿದ್ಲು. ದೀಪಾ ಹಚ್ಚಿದ ಮ್ಯಾಲ ತುಳಸಿ ಮುಟ್ಟಬ್ಯಾಡೋ, ಗಿಡ ಮಲಗಿರ್ತಾವ."

ನಮ್ಮಲ್ಲಿ ಇದನ್ನು ಕೇಳದೆ ಬೆಳೆದವರು ಕಡಿಮೆ. ಸಂಜೆಯಾದ ಮೇಲೆ ಹೂ ಕೀಳಬಾರದು, ಎಲೆ ಹರಿಯಬಾರದು. ಯಾಕೆ ಅಂದರೆ ಅಷ್ಟೇ, ಮಲಗಿರುತ್ತವೆ. ಹಿತ್ತಿಲು ಹಗಲಿಗೆ ನಮ್ಮದು, ಕತ್ತಲಾದ ಮೇಲೆ ಪಾಳಿ ಬದಲು ಎಂಬ ಒಪ್ಪಂದ ಅದರಲ್ಲಿತ್ತೋ ಏನೋ. ಅದನ್ನು ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹುಬ್ಬಳ್ಳಿಯ ಅವ್ವ ಬಾಯಿಮಾತಿನಲ್ಲಿ ಮುಗಿಸಿದ್ದಕ್ಕೆ ಕಲೋನಿನಲ್ಲಿ ನಗರಾಡಳಿತ ಸೂರ್ಯಾಸ್ತದ ನಿಮಿಷ ಲೆಕ್ಕ ಹಾಕಿ ಆದೇಶ ಹೊರಡಿಸಬೇಕಾಯಿತು. ಸ್ವೀಡನ್ನಿನ ಹುಸ್ಕ್ವರ್ನಾ ಕಂಪನಿ 1995ರಲ್ಲಿ ತಂದ ತನ್ನ ಮೊದಲ ರೋಬೋ ಮೋವರ್ ಸೌರಶಕ್ತಿಯದ್ದು. ಬಿಸಿಲಿದ್ದರೆ ತಾನೇ ಅದಕ್ಕೆ ಊಟ! ಬ್ಯಾಟರಿ ಬಲವಾದ ಮೇಲೆ ರಾತ್ರಿಯೂ ಕೆಲಸದ ಹೊತ್ತೇ ಆಗಿಹೋಯಿತು.

ಆರು ಗಂಟೆಗೆ ಅಜ್ಜಿ ಮತ್ತೆ ಬೇಲಿಯ ಬಳಿ ಬಂದರು. ನಾಲ್ಕಕ್ಕೆ ಮಲಗುತ್ತೆ ಅಂತ ಮನೆಯೊಡೆಯರು ಈ ಸಲ ಗಂಭೀರವಾಗಿಯೇ ಹೇಳಿದರು. ಅಜ್ಜಿ ತಲೆಯಾಡಿಸಿ ಮೂಲೆಯ ತರಗೆಲೆಯ ಗುಡ್ಡೆಯ ಕಡೆ ಬೆರಳು ತೋರಿಸಿದರು. ಇಗೆಲ್ ಹಗಲು ನಿದ್ದೆ ಮಾಡುವುದು ಅಂಥ ಕಡೆಯೇ. ನಮ್ಮ ವೈರ್ ಹಾದುಹೋಗಿದ್ದು ಅದರ ಮಗ್ಗುಲಲ್ಲೇ.

ಆ ಮೂಲೆಯ ಗೂಟ ಕಿತ್ತು, ವೈರ್ ಕತ್ತರಿಸಿ, ತೆಗೆದಿಟ್ಟಿದ್ದ ತುಂಡಿನಲ್ಲಿ ಮೂರು ಮೀಟರ್ ಸೇರಿಸಿ, ಎರಡು ಜೆಲ್ ಕನೆಕ್ಟರ್ ಅದುಮಿ, ಗುಡ್ಡೆಯನ್ನು ಒಂದು ಮೀಟರ್ ದೂರದಿಂದ ಬಳಸಿಕೊಂಡು ಬಂದದ್ದಾಯಿತು. ಟೇಪ್ ಜೇಬಿನಲ್ಲೇ ಉಳಿಯಿತು. ಬೇಲಿಯ ಅಡಿಯಲ್ಲಿ ಪ್ರಾಣಿ ನುಸುಳಲು ಸಂದಿ ಇದ್ದರೆ ಒಳ್ಳೆಯದು ಅಂತ ಕೆಳಗಿನ ಹಲಗೆಯ ತುದಿಯನ್ನೂ ಮನೆಯೊಡೆಯರೇ ಗರಗಸ ತಂದು ಕತ್ತರಿಸಿದರು. ಅಜ್ಜಿ ಆಚೆಯಿಂದ ಬಗ್ಗಿ, ಗುಲಾಬಿ ಕತ್ತರಿಯನ್ನು ಸಂದಿಗೆ ಅಡ್ಡ ಹಿಡಿದು ನೋಡಿದರು.

ಇನ್ನೂ ಎರಡು ಬೆರಳು ಅಗಲ ಮಾಡಿ, ಅಂದರು.